ಗೇಮಿಂಗ್ ಬಳಗಕ್ಕೆ ಯಾವ ಆ್ಯಪ್ ಸೂಕ್ತ?

ಪ್ರಶ್ನೆ: ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿನ ನಾವು ನಾಲ್ವರು ಗೆಳೆಯರು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಆಟ) ಆಡುವುದಕ್ಕೆಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಲಿಂಕ್ ಒಬ್ಬರಿಂದ ಒಬ್ಬರಿಗೆ ಹೋಗಿ ಈಗ ಅದರಲ್ಲಿ 400ಕ್ಕೂ ಹೆಚ್ಚು ಜನ ಇದ್ದಾರೆ. ಬಹುಪಾಲು ಜನರ ಮುಖವನ್ನೇ ನಾವು ನೋಡಿಲ್ಲ, ಹಲವರು ಹೈಸ್ಕೂಲ್ ಮಕ್ಕಳು. ಮೈನ್‌ಕ್ರಾಫ್ಟ್ ಆಡುವವರಿಗೆ ಬಿಜಿಎಂಐ ಮಾತು ಬೇಡ, ಬಿಜಿಎಂಐ ಆಡುವವರಿಗೆ ಮೈನ್‌ಕ್ರಾಫ್ಟ್ ಬೇಡ. ಕಸ್ಟಮ್ ರೂಮಿನ (ನಾವೇ ಏರ್ಪಡಿಸುವ ಖಾಸಗಿ ಪಂದ್ಯದ) ಐಡಿ, ಪಾಸ್‌ವರ್ಡ್ ಹಾಕಿದ ಎರಡು ನಿಮಿಷಕ್ಕೆ ಸ್ಟಿಕ್ಕರ್‌ಗಳ ರಾಶಿಯಲ್ಲಿ ಅದು ಎಲ್ಲಿಗೋ ಮೇಲೆ ಹೋಗಿಬಿಡುತ್ತದೆ. ಈಚೆಗೆ ಯಾರೋ ಗುಂಪಿನಿಂದ ನಂಬರ್ ಎತ್ತಿಕೊಂಡು ಇಬ್ಬರು ಹುಡುಗಿಯರಿಗೆ ರಾತ್ರಿ ಹೊತ್ತು ಸಂದೇಶ ಕಳಿಸಿದ್ದಾರೆ. ಇಬ್ಬರೂ ಗುಂಪು ಬಿಟ್ಟರು. ಟೆಲಿಗ್ರಾಂ, ಡಿಸ್ಕಾರ್ಡ್, ಅರಟ್ಟೈ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಯಾವುದಕ್ಕೆ ಹೋಗಬೇಕು?
— ಹೆಸರು ಬೇಡವೆಂದ ಓದುಗರು, ದಾವಣಗೆರೆ

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ಸಂಗತಿಯೇ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು. ಐಡಿ ಕಾಣದೆ ಹೋದರೆ ಒಂದು ಪಂದ್ಯ ತಪ್ಪುತ್ತದೆ, ಅಷ್ಟೇ. ನಂಬರ್ ಅಪರಿಚಿತರ ಕೈಗೆ ಹೋದರೆ ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆ ಸಂದೇಶ ಕಳಿಸಿದವನನ್ನು ಗುಂಪಿನಿಂದ ತೆಗೆದುಹಾಕಿದರೂ ಅವನ ಫೋನಿನಲ್ಲಿ ಆ ನಂಬರ್‌ಗಳು ಉಳಿದೇ ಇರುತ್ತವೆ. ವಾಟ್ಸಾಪ್ ಹುಟ್ಟಿದ್ದೇ ಒಬ್ಬರ ನಂಬರ್ ಇನ್ನೊಬ್ಬರ ಬಳಿ ಇದೆ ಎಂಬ ನಂಬಿಕೆಯ ಮೇಲೆ. ಆದ್ದರಿಂದ ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಉಳಿದೆಲ್ಲರಿಗೂ ಕಾಣುತ್ತದೆ. ಮನೆಯವರು, ಸಹಪಾಠಿಗಳು, ಓಣಿಯವರು ಸೇರಿದ ಗುಂಪಿಗೆ ಇದರಿಂದ ತೊಂದರೆಯಿಲ್ಲ. ಆದರೆ ಲಿಂಕ್ ಒತ್ತಿ ಯಾರು ಬೇಕಾದರೂ ಒಳಗೆ ಬರಬಹುದಾದ, ಮಕ್ಕಳೂ ಇರುವ ಆಟದ ಬಳಗಕ್ಕೆ ಆ ನಂಬಿಕೆಯೇ ಅನ್ವಯಿಸುವುದಿಲ್ಲ. ಫೋನ್ ನಂಬರನ್ನು ಇತರ ಸದಸ್ಯರಿಗೆ ತೋರಿಸದೆ ಸೇರಲು ಸಾಧ್ಯವೇ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಇಲ್ಲ ಎಂದಾದರೆ ಆ ಆ್ಯಪ್‌ನಲ್ಲಿ ಬೇರೇನೇನು ಸೌಲಭ್ಯವಿದೆ ಎಂದು ನೋಡುವ ಅಗತ್ಯವೇ ಇಲ್ಲ.

ಈ ಒಂದು ಪ್ರಶ್ನೆಯಿಂದಲೇ ಪಟ್ಟಿ ಬೇಗ ಚಿಕ್ಕದಾಗುತ್ತದೆ. ವಾಟ್ಸಾಪ್ ಗುಂಪಿಗೆ 1,024 ಜನರವರೆಗೆ ಸೇರಿಸಬಹುದು, 2022ರಲ್ಲಿ ಬಂದ ಕಮ್ಯುನಿಟಿ ಸೌಲಭ್ಯದಿಂದ ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರಲೂಬಹುದು. ಆದರೆ ಅದರೊಳಗಿನ ಒಂದೊಂದು ಗುಂಪಿನಲ್ಲಿ ಮಾತನಾಡುವಾಗ ನಂಬರಿನ ತೊಡಕು ಹಾಗೆಯೇ ಇರುತ್ತದೆ. ಚೆನ್ನೈನ ಜೋಹೋ ಸಂಸ್ಥೆಯ ಅರಟ್ಟೈ ಕೂಡ ಫೋನ್ ನಂಬರಿನಿಂದಲೇ ಖಾತೆ ತೆರೆಯುವ, ಪರಿಚಯದವರ ನಡುವಿನ ಮಾತಿಗೆಂದು ರೂಪಿಸಿದ ಆ್ಯಪ್. ಸ್ವದೇಶಿ ಎಂಬ ಅಭಿಮಾನವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದು ನಿಮ್ಮ ತೊಂದರೆಗೆ ಉತ್ತರವಲ್ಲ. ಸಿಗ್ನಲ್ 2024ರ ಫೆಬ್ರುವರಿಯಲ್ಲಿ ಬಳಕೆದಾರ ಹೆಸರಿನ ಸೌಲಭ್ಯ ತಂದು ನಂಬರನ್ನು ಮರೆಮಾಡುವ ದಾರಿ ಮಾಡಿಕೊಟ್ಟಿತು. ಗುಟ್ಟು ಕಾಯುವುದರಲ್ಲಿ ಅದನ್ನು ಮೀರಿಸುವವರು ಕಡಿಮೆ. ಆದರೂ ಬಿಜಿಎಂಐ ಮತ್ತು ಮೈನ್‌ಕ್ರಾಫ್ಟ್ ಬಳಗಗಳಿಗೆ ಬೇರೆ ಬೇರೆ ಕೋಣೆ ಮಾಡಿಕೊಡುವ ಏರ್ಪಾಡು ಅದರ ಗುಂಪಿನಲ್ಲಿಲ್ಲ.

ಉಳಿಯುವುದು ಟೆಲಿಗ್ರಾಂ ಮತ್ತು ಡಿಸ್ಕಾರ್ಡ್. ಟೆಲಿಗ್ರಾಂನಲ್ಲಿ 2 ಲಕ್ಷ ಜನರ ಗುಂಪು ಮಾಡಬಹುದು, 2 ಜಿಬಿವರೆಗಿನ ಫೈಲ್ ಕಳಿಸಬಹುದು, ದೊಡ್ಡ ಗುಂಪನ್ನು ವಿಷಯವಾರು ವಿಭಾಗಿಸಬಹುದು, ಕಡಿಮೆ ಬೆಲೆಯ ಫೋನಿನಲ್ಲೂ ಅದು ಸರಾಗವಾಗಿ ಓಡುತ್ತದೆ. ಖಾತೆ ತೆರೆಯಲು ನಂಬರ್ ಬೇಕಾದರೂ ಸೆಟ್ಟಿಂಗ್ಸ್‌ನಲ್ಲಿ ಅದು ಯಾರಿಗೂ ಕಾಣದಂತೆ ಮಾಡಿಕೊಳ್ಳಬಹುದು. ಹೀಗಿದ್ದೂ ನಾನು ಅದನ್ನು ಎರಡನೆಯ ಸ್ಥಾನದಲ್ಲಿಡಲು ಕಾರಣ ಎರಡು. ಆ ಸೆಟ್ಟಿಂಗನ್ನು ಪ್ರತಿಯೊಬ್ಬ ಸದಸ್ಯನೂ ತಾನೇ ಹುಡುಕಿ ಬದಲಿಸಿಕೊಳ್ಳಬೇಕು, ಹೈಸ್ಕೂಲ್ ಹುಡುಗರು ಅದನ್ನು ಮಾಡುತ್ತಾರೆಂದು ನೆಚ್ಚಿಕೊಳ್ಳಲಾಗದು. ಜೊತೆಗೆ, ಯುಸಿ (ಬಿಜಿಎಂಐನೊಳಗಿನ ಹಣ) ಅಗ್ಗಕ್ಕೆ ಕೊಡುತ್ತೇವೆ, ಗೋಡೆಯಾಚೆಗಿನ ಶತ್ರುವನ್ನು ತೋರಿಸುವ ಹ್ಯಾಕ್ ಕೊಡುತ್ತೇವೆ ಎನ್ನುವವರ ಓಡಾಟ ಅಲ್ಲಿ ವಿಪರೀತ. ನಿಮ್ಮ ಗುಂಪು ಸ್ವಲ್ಪ ದೊಡ್ಡದಾದರೆ ಸಾಕು, ಅವರು ಬಂದು ಸೇರುತ್ತಾರೆ.

ನನ್ನ ಆಯ್ಕೆ ಡಿಸ್ಕಾರ್ಡ್. ಆಟಗಾರರಿಗೆಂದೇ 2015ರಲ್ಲಿ ಆರಂಭವಾದ ಸೇವೆ ಇದು. ಸ್ವಾರಸ್ಯವೆಂದರೆ ಇದನ್ನು ಕಟ್ಟಿದವರು ಮೊದಲು ಮಾಡಿದ್ದು ಫೇಟ್ಸ್ ಫಾರೆವರ್ ಎಂಬ ಆಟವನ್ನು. ಆಟ ಓಡಲಿಲ್ಲ, ಆಟದೊಳಗಿನ ಮಾತು ಓಡಿತು. ಕಚೇರಿಗಳಲ್ಲಿ ಬಳಸುವ ಸ್ಲ್ಯಾಕ್ ಕೂಡ ಗ್ಲಿಚ್ ಎಂಬ ಸೋತ ಆಟದ ತಂಡದಿಂದಲೇ ಬಂದದ್ದು, ಆದರೆ ಅದರ ಉಚಿತ ಆವೃತ್ತಿಯಲ್ಲಿ 90 ದಿನಕ್ಕಿಂತ ಹಳೆಯ ಸಂದೇಶ ಕಾಣಿಸದ ಕಾರಣ ಬಳಗಗಳಿಗೆ ಅದು ಒದಗುವುದಿಲ್ಲ.

ಡಿಸ್ಕಾರ್ಡ್‌ಗೆ ಇಮೇಲ್ ವಿಳಾಸದಿಂದ ಸೇರಬಹುದು, ಇತರ ಸದಸ್ಯರಿಗೆ ಕಾಣುವುದು ನೀವು ಇಟ್ಟುಕೊಂಡ ಹೆಸರು ಮಾತ್ರ. ನಿಮ್ಮ ಈಗಿನ ಗುಂಪು ಒಂದೇ ಹಾಲಿನಲ್ಲಿ ಮದುವೆ ಊಟವನ್ನೂ ಪಂಚಾಯ್ತಿಯನ್ನೂ ನಡೆಸಿದಂತಿದೆ. ಡಿಸ್ಕಾರ್ಡ್‌ನ ಒಂದು ಸರ್ವರ್‌ನೊಳಗೆ, ಅಂದರೆ ನಿಮ್ಮ ಬಳಗದ ಮನೆಯೊಳಗೆ, ಬೇಕಾದಷ್ಟು ಚಾನೆಲ್ ಮಾಡಬಹುದು. ‘ರೂಮ್ ಐಡಿ’ ಎಂದೊಂದು ಚಾನೆಲ್ ಮಾಡಿ, ಅದನ್ನು ಎಲ್ಲರೂ ಓದುವಂತೆಯೂ ಮಾಡರೇಟರ್‌ಗಳು (ಬಳಗವನ್ನು ನೋಡಿಕೊಳ್ಳುವವರು) ಮಾತ್ರ ಬರೆಯುವಂತೆಯೂ ಅನುಮತಿ ಕೊಟ್ಟುಬಿಟ್ಟರೆ ಸ್ಟಿಕ್ಕರ್‌ಗಳ ಕಾಟ ಅಲ್ಲಿಗೆ ಮುಗಿಯಿತು. ಬಿಜಿಎಂಐ, ಮೈನ್‌ಕ್ರಾಫ್ಟ್ ಎಂದು ಎರಡು ರೋಲ್ (ಸದಸ್ಯರಿಗೆ ಕೊಡುವ ಗುರುತು) ಮಾಡಿ, ಯಾವ ರೋಲ್ ತೆಗೆದುಕೊಂಡರೋ ಆ ಚಾನೆಲ್‌ಗಳು ಮಾತ್ರ ಕಾಣುವಂತೆ ಮಾಡಿ. ಧ್ವನಿ ಚಾನೆಲ್‌ನಲ್ಲಿ ಯಾರೂ ಯಾರಿಗೂ ಕರೆ ಮಾಡಬೇಕಿಲ್ಲ. ಬಾಗಿಲು ಸದಾ ತೆರೆದಿರುತ್ತದೆ, ಬಂದವರು ಮಾತನಾಡುತ್ತಾರೆ, ಹೊರಟವರು ಹೋಗುತ್ತಾರೆ. ಆ ಚಾನೆಲ್‌ಗೆ ಎಷ್ಟು ಜನ ಎಂಬ ಮಿತಿಯನ್ನೂ ಹಾಕಬಹುದು. ಮಿತಿಯನ್ನು 4 ಎಂದು ಇಟ್ಟರೆ ಒಂದು ಸ್ಕ್ವಾಡ್ ತುಂಬಿದ ಮೇಲೆ ಐದನೆಯವನು ನಡುವೆ ನುಗ್ಗಿ ಗಲಾಟೆ ಮಾಡಲು ಆಗುವುದಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಮೂಲತಃ ಧ್ವನಿ ಸಂಭಾಷಣೆಯೇ ಇಲ್ಲದ ಕಾರಣ ಅದರ ಆಟಗಾರರಿಗೆ ಇದು ಬಿಜಿಎಂಐಯವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸರ್ವರ್ ತೆರೆದ ದಿನವೇ ಮಾಡಬೇಕಾದ ಕೆಲವು ಕೆಲಸಗಳಿವೆ. ಪರಿಶೀಲನಾ ಮಟ್ಟವನ್ನು ಏರಿಸಿ, ಹೊಸಬರು ಒಳಗೆ ಬಂದು 10 ನಿಮಿಷ ಕಳೆಯುವವರೆಗೆ ಬರೆಯಲಾಗದಂತೆ ಮಾಡಬಹುದು. ದಿಢೀರನೆ ನುಗ್ಗಿ ಜಾಹೀರಾತು ಸುರಿಯುವವರಲ್ಲಿ ಹಲವರು ಅಷ್ಟು ಕಾಯುವುದಿಲ್ಲ. ಆಟೋಮಾಡ್ ಎಂಬ ಪದ ಶೋಧಕ ಡಿಸ್ಕಾರ್ಡ್‌ನಲ್ಲೇ ಇದೆ. ಅದರ ಸಿದ್ಧ ಪಟ್ಟಿಯನ್ನು ನಂಬಿ ಸುಮ್ಮನಿದ್ದರೆ ನಮ್ಮ ಬೈಗುಳಗಳು ಒಂದೂ ತಡೆಯಿಲ್ಲದೆ ದಾಟಿಹೋಗುತ್ತವೆ. ಆದ್ದರಿಂದ ಮಾಡರೇಟರ್‌ಗಳು ಕೂತು, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಹುಡುಗರು ಬರೆಯುವ ಬಗೆಬಗೆಯ ಕಾಗುಣಿತಗಳಲ್ಲೂ ಆ ಪದಗಳನ್ನು ಪಟ್ಟಿಗೆ ಸೇರಿಸಬೇಕಾಗುತ್ತದೆ. ಈ ಕೆಲಸ ಮುಜುಗರದ್ದು, ಆದರೆ ಇದನ್ನು ಬೇರೆ ಯಾರೂ ನಿಮಗೆ ಮಾಡಿಕೊಡುವುದಿಲ್ಲ. ಮಾಡರೇಟರ್‌ಗಳಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳಿರಲಿ, ದೂರನ್ನು ಅವರಿಗೇ ನೇರವಾಗಿ ಹೇಳಿಕೊಳ್ಳುವ ದಾರಿಯೊಂದು ಇರಲಿ. ಗುಂಪು ಬಿಟ್ಟ ಆ ಇಬ್ಬರನ್ನು ಮತ್ತೆ ಕರೆಯುವ ಮೊದಲು ಇಷ್ಟನ್ನು ಮಾಡಿರಿ.

ಸರ್ವರ್‌ಗೆ ಮಾಲೀಕರು ಒಬ್ಬರೇ. ಆ ಖಾತೆ ಕಳ್ಳರ ಪಾಲಾದರೆ ಇಡೀ ಬಳಗ ಹೋದಂತೆ. ಹಾಗಾಗಿ ಮಾಲೀಕರೂ ಮಾಡರೇಟರ್‌ಗಳೂ ಎರಡು ಹಂತದ ದೃಢೀಕರಣ ಹಾಕಿಕೊಳ್ಳುವುದು ಕಡ್ಡಾಯವಾಗಲಿ. ನೀವು ನಾಲ್ವರಲ್ಲಿ ಯಾರು ಕೋರ್ಸ್ ಮುಗಿಸಿ ಕೆಲಸ ಹಿಡಿದು ಆಟ ಬಿಡುತ್ತೀರೋ ಅವರು ಹೋಗುವ ಮೊದಲು ಮಾಲೀಕತ್ವವನ್ನು ಇನ್ನೊಬ್ಬರಿಗೆ ವರ್ಗಾಯಿಸಿ.

ವಾಟ್ಸಾಪ್ ಗುಂಪನ್ನು ಒಂದೇ ಸಲಕ್ಕೆ ಮುಚ್ಚಬೇಡಿ. ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಿಸಿ, ಡಿಸ್ಕಾರ್ಡ್ ಆಹ್ವಾನದ ಲಿಂಕನ್ನು ಅಲ್ಲಿ ಹಾಕಿ. ಆ ಲಿಂಕ್ ತಾನಾಗಿ 7 ದಿನಕ್ಕೆ ಅವಧಿ ಮುಗಿಯುವಂಥದ್ದು. ಅದನ್ನು ಬದಲಿಸದೆ ಬಿಟ್ಟರೆ ಎಂಟನೆಯ ದಿನ ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಾರೆ. 400 ಜನರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಿಜವಾಗಿ ಆಡುವವರು ಬರುತ್ತಾರೆ.

ಪ್ರಶ್ನೆ: ನನ್ನದು 4 ಜಿಬಿ ರ್‍ಯಾಮ್ ಫೋನ್, ದಿನಕ್ಕೆ 1.5 ಜಿಬಿಯ ಪ್ಯಾಕ್. ಆಟದ ಜೊತೆಗೆ ಡಿಸ್ಕಾರ್ಡ್ ಧ್ವನಿ ಹಾಕಿಕೊಂಡರೆ ಡೇಟಾ ಬೇಗ ಖಾಲಿಯಾಗುತ್ತದೆ, ಲ್ಯಾಗ್ ಬರುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ನಿಜವೇ?
— ಓದುಗರು, ಗದಗ

ಉತ್ತರ: ಡೇಟಾ ವಿಷಯದಲ್ಲಿ ನಿಜವಲ್ಲ. ಡಿಸ್ಕಾರ್ಡ್‌ನ ಧ್ವನಿ ಚಾನೆಲ್ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಇರುತ್ತದೆ. ಆ ಲೆಕ್ಕದಲ್ಲಿ ಒಬ್ಬ ವ್ಯಕ್ತಿ ಒಂದು ಗಂಟೆ ಬಾಯಿ ಮುಚ್ಚದೆ ಮಾತನಾಡಿದರೆ ಸುಮಾರು 29 ಎಂಬಿ. ಸ್ಕ್ವಾಡ್‌ನ ನಾಲ್ವರೂ ಒಟ್ಟಿಗೆ ಗಂಟೆಯಿಡೀ ಕೂಗುತ್ತಲೇ ಇದ್ದರೂ ನಿಮ್ಮ ಫೋನಿಗೆ ತಗಲುವುದು 115 ಎಂಬಿ ಆಸುಪಾಸು. ಮಾತಿಲ್ಲದ ಹೊತ್ತಿನಲ್ಲಿ ಧ್ವನಿ ಹರಿಯುವುದೇ ಇಲ್ಲವಾದ್ದರಿಂದ ವಾಸ್ತವದಲ್ಲಿ ಇದಕ್ಕಿಂತ ಬಹಳ ಕಡಿಮೆ. ನಿಮ್ಮ 1.5 ಜಿಬಿಯನ್ನು ತಿನ್ನುತ್ತಿರುವುದು ಪಂದ್ಯಗಳ ನಡುವೆ ನೋಡುವ ರೀಲ್ಸ್ ಇರಬೇಕು.

ರ್‍ಯಾಮ್ ವಿಷಯದಲ್ಲಿ ಮಾತ್ರ ಗೆಳೆಯರ ಮಾತಿನಲ್ಲಿ ಹುರುಳಿದೆ. 4 ಜಿಬಿ ಫೋನಿನಲ್ಲಿ ಬಿಜಿಎಂಐ ತೆರೆದ ಮೇಲೆ ಜಾಗ ಉಳಿಯುವುದೇ ಅಲ್ಪ. ಆಂಡ್ರಾಯ್ಡ್ ಆಗ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮುಲಾಜಿಲ್ಲದೆ ಮುಚ್ಚುತ್ತದೆ, ಕೊನೆಯ ವಲಯದಲ್ಲಿ ಐಜಿಎಲ್ (ಆಟದ ನಡುವೆ ತಂಡವನ್ನು ಮುನ್ನಡೆಸುವವರು) ಏನು ಹೇಳಿದರೆಂಬುದು ನಿಮಗೆ ಕೇಳದೇ ಹೋಗಬಹುದು. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಡಿಸ್ಕಾರ್ಡನ್ನು ಹೊರಗಿಟ್ಟು ಒಮ್ಮೆ ನೋಡಿ. ಆಗಲೂ ಸರಿಹೋಗದಿದ್ದರೆ ಪಂದ್ಯ ನಡೆಯುವಷ್ಟು ಹೊತ್ತು ಆಟದೊಳಗಿನ ಮೈಕ್ ಬಳಸಿ. ಮೊದಲಿನ ಮಾತುಕತೆಗೂ ನಂತರದ ಚರ್ಚೆಗೂ ಡಿಸ್ಕಾರ್ಡ್ ಇರಲಿ.

ಒಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ. ಮೈಕ್ ಹಾಕಿದೊಡನೆ ಆಟದ ಸದ್ದು ಹಳೆಯ ಲ್ಯಾಂಡ್‌ಲೈನ್ ಕರೆಯಂತೆ ಮಂಕಾಗಿ, ಶತ್ರುವಿನ ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯದಂತಾದರೆ ದೋಷ ಆ್ಯಪ್‌ನದ್ದಲ್ಲ, ನಿಮ್ಮ ಬ್ಲೂಟೂತ್ ಇಯರ್‌ಫೋನಿನದು. ಹಾಡು ಕೇಳಿಸುವ ಬಗೆಯಿಂದ ಕರೆ ಮಾಡುವ ಬಗೆಗೆ ಅದು ಬದಲಾಗುತ್ತದೆ, ಆಗ ಸ್ಟೀರಿಯೊ ಹೋಗಿ ಧ್ವನಿಯ ಗುಣಮಟ್ಟ ಇಳಿಯುತ್ತದೆ. ಮೈಕ್ ಇರುವ ಸಾಧಾರಣ ವೈರ್ ಇಯರ್‌ಫೋನ್ ಕೊಂಡರೆ ಈ ತೊಂದರೆಯೇ ಇಲ್ಲ, ಸದ್ದು ತಡವಾಗಿ ಬರುವ ತೊಂದರೆಯೂ ಇಲ್ಲ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಮೈನ್‌ಕ್ರಾಫ್ಟ್ ಗೆಳೆಯರೆಲ್ಲ ಡಿಸ್ಕಾರ್ಡ್‌ನಲ್ಲಿದ್ದಾರೆ, ತನಗೂ ಬೇಕು ಎನ್ನುತ್ತಾನೆ. ಅಲ್ಲಿ ಅಪರಿಚಿತರು ಮಕ್ಕಳೊಂದಿಗೆ ಮಾತನಾಡುತ್ತಾರೆಂದು ಕೇಳಿ ಭಯವಾಗಿದೆ. ಬೇಡ ಎಂದುಬಿಡಲೇ?
— ಓದುಗ ತಾಯಿಯೊಬ್ಬರು, ಮೈಸೂರು

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಡಿಸ್ಕಾರ್ಡ್‌ನ ನಿಯಮದಂತೆ 13 ತುಂಬಿದವರು ಖಾತೆ ತೆರೆಯಬಹುದು, ಹಾಗಾಗಿ ನಿಮ್ಮ ಮಗನಿಗೆ ಅಲ್ಲಿ ಪ್ರವೇಶವಿದೆ. ಆದರೆ ಪ್ರವೇಶವಿರುವ ಎಡೆಗಳೆಲ್ಲ ಮಕ್ಕಳಿಗೆ ತಕ್ಕವೆಂದು ಅರ್ಥವಲ್ಲ. ಬೇಡ ಎಂದುಬಿಟ್ಟರೆ ಅವನು ಗೆಳೆಯನ ಫೋನಿನಲ್ಲಿ ಖಾತೆ ತೆರೆಯುವ ಸಾಧ್ಯತೆಯೇ ಹೆಚ್ಚು, ಆಗ ಯಾವ ಸೆಟ್ಟಿಂಗೂ ನಿಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ ಖಾತೆಯನ್ನು ಅವನ ಜೊತೆ ನೀವೇ ಕೂತು ತೆರೆಯಿರಿ, ಹುಟ್ಟಿದ ದಿನಾಂಕವನ್ನು ನಿಜವಾದದ್ದೇ ಕೊಡಿ. ವಯಸ್ಸು ಹೆಚ್ಚು ತೋರಿಸಿದರೆ ಹದಿಹರೆಯದವರಿಗೆ ಇರುವ ರಕ್ಷಣೆಗಳು ಸಿಗುವುದಿಲ್ಲ.

ಬಳಿಕ ಎರಡು ಸೆಟ್ಟಿಂಗ್ ಮುಖ್ಯ. ಒಂದೇ ಸರ್ವರ್‌ನಲ್ಲಿದ್ದಾರೆಂಬ ಕಾರಣಕ್ಕೆ ಯಾರು ಬೇಕಾದರೂ ನೇರವಾಗಿ ಸಂದೇಶ ಕಳಿಸುವುದನ್ನು ನಿಲ್ಲಿಸಬಹುದು, ಅದನ್ನು ನಿಲ್ಲಿಸಿಬಿಡಿ. ಫ್ಯಾಮಿಲಿ ಸೆಂಟರ್ ಎಂಬ, 2023ರಲ್ಲಿ ಬಂದ ಸೌಲಭ್ಯದ ಮೂಲಕ ನಿಮ್ಮ ಖಾತೆಯನ್ನು ಅವನ ಖಾತೆಗೆ ಜೋಡಿಸಿಕೊಂಡರೆ ಅವನು ಯಾವ ಸರ್ವರ್ ಸೇರಿದ, ಯಾರೊಂದಿಗೆ ಮಾತನಾಡಿದ ಎಂಬುದು ನಿಮಗೆ ತಿಳಿಯುತ್ತದೆ. ಏನು ಮಾತನಾಡಿದ ಎಂಬುದು ತಿಳಿಯುವುದಿಲ್ಲ. 14ರ ಹುಡುಗನ ವಿಷಯದಲ್ಲಿ ಇದು ಸರಿಯಾದ ಅಳತೆ ಎಂದೇ ನನ್ನ ಅನಿಸಿಕೆ.

ವಂಚನೆಯ ಒಂದು ಬಗೆಯನ್ನು ಅವನಿಗೆ ಬಿಡಿಸಿ ಹೇಳಿ. ಉಚಿತವಾಗಿ ನೈಟ್ರೋ (ಡಿಸ್ಕಾರ್ಡ್‌ನ ಹಣ ಕಟ್ಟಿ ಪಡೆಯುವ ಚಂದಾ) ಕೊಡುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡು ಎಂದು ಯಾರಾದರೂ ಕಳಿಸುತ್ತಾರೆ. ಡಿಸ್ಕಾರ್ಡ್‌ಗೆ ಕಂಪ್ಯೂಟರಿನಲ್ಲಿ ಕ್ಯೂಆರ್ ಕೋಡ್‌ನಿಂದಲೂ ಲಾಗಿನ್ ಆಗಬಹುದಾದ್ದರಿಂದ, ಅದನ್ನು ಸ್ಕ್ಯಾನ್ ಮಾಡಿ ಒಪ್ಪಿಗೆ ಒತ್ತಿದರೆ ಉಡುಗೊರೆ ಬರುವುದಿಲ್ಲ, ಖಾತೆಯೇ ವಂಚಕನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ವಯಸ್ಸಿನ ಪುರಾವೆಗೆಂದು ಆಧಾರ್ ಚಿತ್ರ ಕಳಿಸುವುದನ್ನೂ ಸಾಧ್ಯವಾದಷ್ಟು ತಪ್ಪಿಸಿ. ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರ ಸೋರಿರಬಹುದೆಂದು ಡಿಸ್ಕಾರ್ಡೇ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕನ್ನಡ ಗೇಮಿಂಗ್ ಬಳಗದವರು ಹುಬ್ಬಳ್ಳಿ, ಬೆಂಗಳೂರು, ದುಬೈಗಳಲ್ಲಿದ್ದಾರೆ. ನಮ್ಮ ಮಾತೆಲ್ಲ ಒಂದು ಅಮೆರಿಕನ್ ಕಂಪನಿಯ ಕೈಯಲ್ಲಿ ಇರುವುದು ನನಗೆ ಇಷ್ಟವಿಲ್ಲ. ಸಂದೇಶಕ್ಕೆ ಮ್ಯಾಟ್ರಿಕ್ಸ್ ಅಥವಾ ಧ್ವನಿಗೆ ಮಂಬಲ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡು ನಮ್ಮದೇ ಕಂಪ್ಯೂಟರಿನಲ್ಲಿ ಸ್ವಂತ ಸರ್ವರ್ ನಡೆಸಿದರೆ ಹೇಗೆ?
— ಓದುಗರು, ಜರ್ಮನಿ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಡಿಸ್ಕಾರ್ಡ್ 2024ರ ಸೆಪ್ಟೆಂಬರ್‌ನಿಂದ ಧ್ವನಿ ಮತ್ತು ವೀಡಿಯೊ ಕರೆಗಳಿಗೆ ತುದಿಯಿಂದ ತುದಿಗೆ ಗೂಢಲಿಪೀಕರಣ ತರತೊಡಗಿದರೂ ಬರಹದ ಸಂದೇಶಗಳಿಗೆ ಅದಿಲ್ಲ. ಅಲ್ಲಿ ಬರೆದದ್ದನ್ನು ಕಂಪನಿ ಓದಬಲ್ಲದು. ಟೆಲಿಗ್ರಾಂ ಗುಂಪುಗಳ ಸ್ಥಿತಿಯೂ ಅದೇ, ಜನ ಬೇರೆ ರೀತಿ ನಂಬಿದ್ದರೂ. ಕಂಪನಿಗಳು ಅಂಗಡಿ ಮುಚ್ಚುವುದೂ ಉಂಟು. ಒಂದು ಕಾಲಕ್ಕೆ ಆಟಗಾರರೆಲ್ಲ ಬಳಸುತ್ತಿದ್ದ ಸ್ಕೈಪ್ 2025ರ ಮೇ 5ಕ್ಕೆ ನಿಂತಿತು. ಆಟಗಳ ಕಂಪನಿ ರೋಬ್ಲಾಕ್ಸ್ 2021ರಲ್ಲಿ ಕೊಂಡ, ಡಿಸ್ಕಾರ್ಡ್‌ಗೆ ಪೈಪೋಟಿ ಎನಿಸಿದ್ದ ಗಿಲ್ಡೆಡ್ ಕೂಡ 2025ರಲ್ಲಿ ತಾನು ಮುಚ್ಚುವುದಾಗಿ ಹೇಳಿತು.

ಆದರೂ ಸ್ವಂತ ಸರ್ವರ್ ಎಂದರೆ ಶನಿವಾರ ರಾತ್ರಿ ಎಲ್ಲರೂ ಆಡಲು ಕೂತಾಗ ಡಿಸ್ಕ್ ತುಂಬಿದರೆ ಆಟ ಬಿಟ್ಟು ಎದ್ದು ಸರಿಪಡಿಸುವವರು ನೀವು ಒಬ್ಬರೇ ಎಂದರ್ಥ. ಮ್ಯಾಟ್ರಿಕ್ಸ್ ಒಳ್ಳೆಯ ವ್ಯವಸ್ಥೆ, ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ 2020ರಲ್ಲಿ ಐಆರ್‌ಸಿ ಎಂಬ ಹಳೆಯ ಚಾಟ್ ವ್ಯವಸ್ಥೆ ಬಿಟ್ಟು ಅದಕ್ಕೆ ಬಂತು, ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ ಅದರ ಮೇಲೆಯೇ ಚಾಪ್ ಎಂಬ ಆ್ಯಪ್ ಕಟ್ಟಿಕೊಂಡಿದೆ. ನಿಮ್ಮ ಬಳಗಕ್ಕೆ ಇರುವ ಅಡ್ಡಿ ಭಾರತದ ಕಡೆಯದು: ಮ್ಯಾಟ್ರಿಕ್ಸ್‌ನ ಹೆಚ್ಚು ಬಳಕೆಯ ಆ್ಯಪ್ ಆದ ಎಲಿಮೆಂಟ್, 2023ರ ಮೇನಲ್ಲಿ ಭಾರತ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಹುಬ್ಬಳ್ಳಿಯ ಸದಸ್ಯರಿಗೆ ಬೇರೆ ಆ್ಯಪ್ ಹುಡುಕಿ ಸರ್ವರ್ ವಿಳಾಸ ತುಂಬಿ ಎಂದು ಹೇಳಿ ನೋಡಿ, ಅರ್ಧ ಜನ ಅಲ್ಲಿಗೇ ಕೈಬಿಡುತ್ತಾರೆ.

ಮಂಬಲ್ ವಿಷಯ ಬೇರೆ. ಅದು ಉಚಿತ, ಮುಕ್ತ ತಂತ್ರಾಂಶ, ಅದರ ಸರ್ವರ್ ತೀರಾ ಹಗುರ, ಧ್ವನಿ ತಡವಾಗುವುದು ಅತ್ಯಲ್ಪ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಆಟದ ದೊಡ್ಡ ಒಕ್ಕೂಟಗಳು ಆಟದೊಳಗಿನ ಯುದ್ಧದ ಹೊತ್ತಿಗೆ ನೆಚ್ಚಿಕೊಂಡದ್ದು ಅದನ್ನೇ. ಆದರೆ ಅಲ್ಲಿ ಬರೆದ ಸಂದೇಶಗಳು ಉಳಿಯುವುದಿಲ್ಲ, ಮೊಬೈಲಿನವರಿಗೆ ಅನುಕೂಲ ಕಡಿಮೆ. ನಿಮ್ಮಲ್ಲಿ ಎಲ್ಲರೂ ಪಿಸಿ ಆಟಗಾರರಾದರೆ ಧ್ವನಿಗೆ ಮಾತ್ರ ಮಂಬಲ್ ಹಾಕಿ ನೋಡಬಹುದು. ಮೊಬೈಲ್ ಆಟಗಾರರಿದ್ದರೆ ಡಿಸ್ಕಾರ್ಡ್‌ನಲ್ಲೇ ಇರಿ, ಅದರಲ್ಲಿ ಹೇಳಬಾರದ್ದನ್ನು ಹೇಳಬೇಡಿ, ನಿಯಮ, ಫಲಿತಾಂಶ, ಸದಸ್ಯರ ಪಟ್ಟಿಗಳ ಪ್ರತಿಯನ್ನು ಹೊರಗೊಂದು ಕಡತದಲ್ಲಿ ಇಟ್ಟುಕೊಳ್ಳಿ.

ದುಬೈನವರನ್ನು ಕೇಳಿಯೇ ತೀರ್ಮಾನಿಸಿ. ಯುಎಇಯಲ್ಲಿ ವಾಟ್ಸಾಪ್ ಕರೆಗಳಿಗೆ ನಿರ್ಬಂಧವಿದೆ, ಆದ್ದರಿಂದ ಯಾವುದನ್ನು ಆರಿಸಿದರೂ ಮೊದಲು ಅವರ ಜಾಲದಲ್ಲಿ ಧ್ವನಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಹೊತ್ತಿನ ಲೆಕ್ಕವೂ ನಿಮ್ಮ ಬಳಗಕ್ಕೆ ಸಣ್ಣ ವಿಷಯವಲ್ಲ: ಹುಬ್ಬಳ್ಳಿಯ ರಾತ್ರಿ 9.30 ದುಬೈನಲ್ಲಿ 8 ಗಂಟೆ, ಮ್ಯೂನಿಕ್‌ನಲ್ಲಿ ಚಳಿಗಾಲಕ್ಕೆ ಸಂಜೆ 5, ಬೇಸಿಗೆಗೆ 6. ಡಿಸ್ಕಾರ್ಡ್‌ನಲ್ಲಿ ಪಂದ್ಯವನ್ನು ಕಾರ್ಯಕ್ರಮವಾಗಿ ನಮೂದಿಸಿದರೆ ಅವರವರ ಸ್ಥಳೀಯ ಸಮಯ ಅವರವರಿಗೆ ಕಾಣುತ್ತದೆ.

ಪ್ರಶ್ನೆ: ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ತಲಾ 50 ರೂಪಾಯಿ ಯುಪಿಐ ಮೂಲಕ ಪಡೆದು ಕಸ್ಟಮ್ ರೂಮ್ ನಡೆಸಿ, ಗೆದ್ದವರಿಗೆ ಹಣ ಕೊಡುತ್ತೇವೆ. ಡಿಸ್ಕಾರ್ಡ್‌ಗೆ ಹೋದರೆ ಇದನ್ನು ತಾನಾಗಿ ನಡೆಸುವ ಬಾಟ್ ಸಿಗುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಬಾಟ್ ಹುಡುಕುವ ಮೊದಲು ಈ ಪದ್ಧತಿಯನ್ನೇ ನಿಲ್ಲಿಸಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಲ್ಲಿ ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಅಂಥ ಆಟವನ್ನು ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಇ-ಸ್ಪೋರ್ಟ್ಸ್‌ಗೆ ಕಾಯ್ದೆ ವಿನಾಯಿತಿ ಕೊಟ್ಟಿರುವುದು ನಿಜ, ಅಲ್ಲಿ ನೋಂದಣಿ ಶುಲ್ಕವೂ ಬಹುಮಾನವೂ ಇರಬಹುದು. ಆದರೆ ಆ ವಿನಾಯಿತಿ ಮಾನ್ಯತೆ ಮತ್ತು ನೋಂದಣಿ ಪಡೆದ ಸ್ಪರ್ಧೆಗಳಿಗೆ. ಗುಂಪಿನ ಅಡ್ಮಿನ್ ತನ್ನ ಯುಪಿಐ ಐಡಿಗೆ ಹಣ ಹಾಕಿಸಿಕೊಳ್ಳುವ ವ್ಯವಸ್ಥೆ ಅದರಡಿ ಬರುತ್ತದೆಂದು ವಾದಿಸುವುದು ಕಷ್ಟ. ಹಣವೆಲ್ಲ ನಿಮ್ಮ ಖಾತೆಗೇ ಬರುತ್ತಿದ್ದರೆ ಹೊಣೆಯೂ ನಿಮ್ಮ ಹೆಸರಿಗೇ ಬರುತ್ತದೆ. ಉಚಿತ ಪ್ರವೇಶದ ಪಂದ್ಯಗಳನ್ನು ನಡೆಸಿ, ಅಂಕಪಟ್ಟಿಯನ್ನು ಒಂದು ಚಾನೆಲ್‌ನಲ್ಲಿ ಪ್ರಕಟಿಸಿ. ಆಗಲೇ ಕಟ್ಟಿಸಿಕೊಂಡು ಇನ್ನೂ ಆಡಿಸದ ಪಂದ್ಯಗಳ ಹಣವಿದ್ದರೆ ಅದನ್ನು ಕೊಟ್ಟವರಿಗೆ ಹಿಂದಿರುಗಿಸಿ, ಆ ವ್ಯವಹಾರದ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಿ.